ಏನನ್ನೂ ಕೊರೆಯದ ಡ್ರಿಲ್ ಬಿಟ್

ಬ್ರಿಟನ್ನಿನಲ್ಲಿ ಹಳೆಯ ಟ್ರಯಂಫ್, ಆಸ್ಟಿನ್-ಹೀಲಿ ಕಾರುಗಳನ್ನು ಸಾಕಿಕೊಂಡವರ ಟೂಲ್‌ಬಾಕ್ಸಿನಲ್ಲಿ 3/16 ಇಂಚಿನ ಡ್ರಿಲ್ ಬಿಟ್ ಒಂದಕ್ಕೆ ವಿಶೇಷ ಮರ್ಯಾದೆ. ಕೊರೆಯುವ ಕೆಲಸ ಅದಕ್ಕಿಲ್ಲ. ಗೇರ್‌ಬಾಕ್ಸಿನ ಬೆನ್ನಿಗೆ ಕೂತ ಓವರ್‌ಡ್ರೈವ್‌ನ ಪಕ್ಕದಲ್ಲಿ ಪುಟ್ಟದೊಂದು ಲಿವರ್ ಇರುತ್ತದೆ. ಲಿವರಿನಲ್ಲೊಂದು ತೂತು, ಅದರ ಹಿಂದಿನ ಕವಚದಲ್ಲೊಂದು ತೂತು. ಸ್ವಿಚ್ ಹಾಕಿದಾಗ ಎರಡೂ ಎದುರುಬದುರಾಗಿ, ಬಿಟ್ಟಿನ ನುಣುಪು ತುದಿ ಸಲೀಸಾಗಿ ಒಳಗಿಳಿದರೆ ಹೊಂದಾಣಿಕೆ ಸರಿಯಿದೆ ಎಂದರ್ಥ. ಇಳಿಯದಿದ್ದರೆ ಕಾರಿನ ಅಡಿಯಲ್ಲಿ ಇನ್ನಷ್ಟು ಹೊತ್ತು ಮಲಗಬೇಕು.

ಓವರ್‌ಡ್ರೈವ್ ಮಾಡುವ ಕೆಲಸ ಸರಳ. ಟಾಪ್ ಗೇರಿನಲ್ಲಿ ಓಡುತ್ತಿರುವ ಕಾರಿನ ವೇಗವನ್ನು ತಗ್ಗಿಸದೆ ಇಂಜಿನ್ನಿನ ಸುತ್ತುಗಳನ್ನು ಮಾತ್ರ ಕಡಿಮೆ ಮಾಡುವುದು. 1968ರ ನಂತರದ ಎಂಜಿಬಿ ಕಾರು ಗಂಟೆಗೆ 70 ಮೈಲಿಯಲ್ಲಿ ಹೋಗುವಾಗ ಇಂಜಿನ್ ನಿಮಿಷಕ್ಕೆ ಸುಮಾರು 3,900 ಸುತ್ತು ತಿರುಗುತ್ತದೆ. ಸ್ವಿಚ್ ಒತ್ತಿದರೆ 3,200ಕ್ಕೆ ಇಳಿಯುತ್ತದೆ. ಪೆಟ್ರೋಲೂ ಉಳಿಯಿತು, ಕಿವಿಯೂ ಉಳಿಯಿತು. ನಾಲ್ಕೇ ಗೇರಿನ ಕಾರುಗಳ ಕಾಲದಲ್ಲಿ, ಅದರಲ್ಲೂ ಇಂಗ್ಲೆಂಡಿನಲ್ಲಿ ಮೋಟಾರುಮಾರ್ಗಗಳು ಶುರುವಾದ ಮೇಲೆ, ಇದು ಸಣ್ಣ ಸುಖವಲ್ಲ.

ಇದನ್ನು ರೂಪಿಸಿದವರು ಕ್ಯಾಪ್ಟನ್ ಎಡ್ಗರ್ ಡಿ ನಾರ್ಮನ್‌ವಿಲ್. ತಯಾರಿಸಿದ್ದು ಶೆಫೀಲ್ಡ್ ನಗರದ ಲೇಕಾಕ್ ಇಂಜಿನಿಯರಿಂಗ್. ಮೊದಲಿಗೆ ಅಳವಡಿಸಿಕೊಂಡ ಕಾರುಗಳಲ್ಲಿ ಸ್ಟ್ಯಾಂಡರ್ಡ್ ವ್ಯಾನ್‌ಗಾರ್ಡ್ ಒಂದು. ಮದ್ರಾಸಿನಲ್ಲೂ ಜೋಡಣೆಯಾಗುತ್ತಿದ್ದ ಆ ಗುಂಡುಬೆನ್ನಿನ ಕಾರು ನಮ್ಮ ಹಿರಿಯರಿಗೆ ಗೊತ್ತಿರಬೇಕು. ಎ, ಡಿ, ಎಲ್‌ಎಚ್, ಜೆ, ಪಿ ಎಂಬ ಹೆಸರುಗಳಲ್ಲಿ ಸುಮಾರು 40 ವರ್ಷಗಳಲ್ಲಿ 35 ಲಕ್ಷಕ್ಕೂ ಹೆಚ್ಚು ಘಟಕಗಳು ಹೊರಬಂದವು. ಅವುಗಳಲ್ಲಿ 10 ಲಕ್ಷಕ್ಕಿಂತ ಹೆಚ್ಚು ಸೇರಿದ್ದು ಸ್ವೀಡನ್ನಿನ ವೋಲ್ವೋ ಕಾರುಗಳಿಗೆ.

ಒಳಗೆ ಏನಿದೆ ಎಂಬುದು ತಿಳಿಯದೆ ಇದರ ಹತಾರಗಳು ಅರ್ಥವಾಗುವುದಿಲ್ಲ. ನಡುವೆ ಸೂರ್ಯ ಗೇರ್, ಅದರ ಸುತ್ತ ಗ್ರಹ ಗೇರ್‌ಗಳು, ಎಲ್ಲವನ್ನೂ ಬಳಸಿ ಒಳಮುಖ ಹಲ್ಲುಗಳ ಉಂಗುರ. ಸೂರ್ಯ ಗೇರಿನ ಜೊತೆ ಶಂಕುವಿನಾಕಾರದ ಕ್ಲಚ್ ಒಂದು ಹಿಂದೆ ಮುಂದೆ ಸರಿಯುತ್ತದೆ. ಮಾಮೂಲಿ ಓಟದಲ್ಲಿ ಸ್ಪ್ರಿಂಗುಗಳು ಅದನ್ನು ಉಂಗುರಕ್ಕೆ ಒತ್ತಿ ಹಿಡಿದಿರುತ್ತವೆ; ಎಲ್ಲವೂ ಒಂದಾಗಿ ತಿರುಗುತ್ತವೆ. ಸ್ವಿಚ್ ಹಾಕಿದಾಗ ಆಯಿಲ್ ಒತ್ತಡ ಪಿಸ್ಟನ್ನುಗಳನ್ನು ತಳ್ಳಿ, ಕ್ಲಚ್ಚನ್ನು ಕವಚದಲ್ಲಿ ಕೂತ ಬ್ರೇಕ್ ಉಂಗುರಕ್ಕೆ ಕಚ್ಚಿಸುತ್ತದೆ. ಸೂರ್ಯ ನಿಂತಿತು, ಗ್ರಹಗಳು ಅದರ ಸುತ್ತ ಉರುಳಿದವು, ಹೊರಗಿನ ಉಂಗುರ ಇಂಜಿನ್ನಿಗಿಂತ ವೇಗವಾಗಿ ಓಡಿತು. ಬದಲಾವಣೆಯ ಕ್ಷಣದಲ್ಲಿ ಎಳೆತ ತಪ್ಪದಂತೆ ನೋಡಿಕೊಳ್ಳಲು ಒಂದೇ ದಿಕ್ಕಿಗೆ ಹಿಡಿಯುವ ರೋಲರ್ ಕ್ಲಚ್ ಬೇರೆ ಇದೆ.

ಲೇಕಾಕ್ ಘಟಕಗಳಿಗೆ ಬೇಕಾದ ವಿಶೇಷ ಹತಾರಗಳನ್ನು ಚರ್ಚಿಲ್ ಎಂಬ ಬ್ರಿಟಿಷ್ ಕಂಪನಿ ಮಾಡಿಕೊಡುತ್ತಿತ್ತು. ಕಾರ್ಖಾನೆಯ ಕೈಪಿಡಿ ತೆರೆದರೆ ‘ಎಲ್’ ಅಕ್ಷರದಿಂದ ಶುರುವಾಗುವ ಅವುಗಳ ನಂಬರುಗಳು ಸಾಲಾಗಿ ಕಾಣುತ್ತವೆ. ಎಲ್ಲ ಇದ್ದರೆ ಮಾತ್ರ ಕೈಹಾಕಿ ಎಂಬ ಧಾಟಿ. ನನ್ನ ಮಟ್ಟಿಗೆ ಅವುಗಳಲ್ಲಿ ದುಡ್ಡು ಕೊಟ್ಟು ಕೊಳ್ಳಲೇಬೇಕಾದದ್ದು ಎಲ್ 188 ಒಂದೇ. ಅದು ಒತ್ತಡ ಅಳೆಯುವ ಗೇಜ್. ವಾಲ್ವಿನ ಮೇಲಿನ ಪ್ಲಗ್ ಬಿಚ್ಚಿ ಅಲ್ಲಿಗೆ ಇದನ್ನು ತಿರುಗಿಸಿ, ಹಿಂದಿನ ಚಕ್ರಗಳನ್ನು ಸ್ಟ್ಯಾಂಡಿನ ಮೇಲೆ ಎತ್ತಿ ನಿಲ್ಲಿಸಿ, ಟಾಪ್ ಗೇರಿನಲ್ಲಿ ಓಡಿಸಿ ನೋಡಬೇಕು. ಹಲವು ಮಾದರಿಗಳಲ್ಲಿ ಚದರ ಇಂಚಿಗೆ 400ರಿಂದ 500 ಪೌಂಡ್‌ಗಳ ಆಸುಪಾಸಿನಲ್ಲಿ ಮುಳ್ಳು ನಿಲ್ಲಬೇಕು. ನಿಂತರೆ ಪಂಪು, ವಾಲ್ವು ಸರಿಯಿವೆ. ಗೇರ್‌ಬಾಕ್ಸ್ ಇಳಿಸುವ ಮಾತನ್ನು ಅಲ್ಲಿಗೇ ಬಿಡಬಹುದು. ರಿಪೇರಿಯನ್ನೇ ತಪ್ಪಿಸುವ ಹತಾರಕ್ಕಿಂತ ಒಳ್ಳೆಯದು ಯಾವುದಿದೆ?

ಎರಡನೆಯ ಹತಾರ ಎಲ್ಲರ ಬಳಿಯೂ ಇರುವ ಆಮ್ಮೀಟರ್. ಓವರ್‌ಡ್ರೈವ್ ಕೆಟ್ಟಿದೆ ಎಂದು ಬರುವ ದೂರುಗಳಲ್ಲಿ ತಂತಿ, ಸ್ವಿಚ್ಚು, ಸೊಲೆನಾಯ್ಡ್‌ಗಳ ಪಾಲು ದೊಡ್ಡದು. ಎ ಮತ್ತು ಡಿ ಮಾದರಿಗಳ ಸೊಲೆನಾಯ್ಡಿನಲ್ಲಿ ಎರಡು ಸುರುಳಿಗಳಿವೆ. ಎಳೆಯುವ ಸುರುಳಿ 15-20 ಆಂಪಿಯರ್ ಕುಡಿಯುತ್ತದೆ, ಆದರೆ ಅರೆಕ್ಷಣ ಮಾತ್ರ. ಲಿವರ್ ಪೂರ್ತಿ ಸರಿದ ಮೇಲೆ ಹಿಡಿದಿಡುವ ಸುರುಳಿಗೆ ಒಂದೆರಡು ಆಂಪಿಯರ್ ಸಾಕು. ಲಿವರಿನ ಹೊಂದಾಣಿಕೆ ಕೂದಲೆಳೆಯಷ್ಟು ತಪ್ಪಿ ಪ್ಲಂಜರ್ ತಳ ಮುಟ್ಟದಿದ್ದರೆ ಎಳೆಯುವ ಸುರುಳಿ ಆರುವುದೇ ಇಲ್ಲ. ಸ್ವಲ್ಪ ಹೊತ್ತಿನಲ್ಲಿ ಸುಟ್ಟ ವಾಸನೆ. ಮೊದಲು ಹೇಳಿದ ಡ್ರಿಲ್ ಬಿಟ್ಟಿಗೆ ಅಷ್ಟು ಮರ್ಯಾದೆ ಇರುವುದು ಇದಕ್ಕೇ. ಜೆ ಮಾದರಿಯಲ್ಲಿ ಲಿವರಿಲ್ಲ, ಈ ರಗಳೆಯೂ ಇಲ್ಲ. ಆದರೆ ಅದರ ಸೊಲೆನಾಯ್ಡ್ ಬಿಚ್ಚಲು 1 ಇಂಚಿನ ತೆಳ್ಳನೆಯ ಸ್ಪ್ಯಾನರ್ ಬೇಕು. ಅಂಗಡಿಯ ದಪ್ಪ ಸ್ಪ್ಯಾನರನ್ನು ಗ್ರೈಂಡರಿಗೆ ಹಿಡಿದು ಸವೆಸಿಕೊಳ್ಳುವವರೇ ಹೆಚ್ಚು. ತಳದ ಪ್ಲಗ್ಗುಗಳಿಗೆ ಎರಡು ಗೂಟಗಳ ಸ್ಪ್ಯಾನರ್ ಬೇಕು. ಉಕ್ಕಿನ ಪಟ್ಟಿಗೆ ಎರಡು ಪಿನ್ ಕೂರಿಸಿದರೆ ಅದೂ ಆಯಿತು. ಉಳಿ ಸುತ್ತಿಗೆ ಮಾತ್ರ ಹಿಡಿಯಬಾರದು, ಕವಚ ಅಲ್ಯುಮಿನಿಯಂನದು.

ಇಷ್ಟರಲ್ಲೂ ಸರಿಹೋಗದೆ ಘಟಕವನ್ನು ಬಿಚ್ಚಲೇಬೇಕಾಯಿತು ಎನ್ನಿ. ಎ ಮಾದರಿಯಲ್ಲಿ ಎರಡು ಬೋಲ್ಟುಗಳನ್ನು ಬೇಕೆಂದೇ ಉದ್ದ ಮಾಡಿದ್ದಾರೆ. ಅವುಗಳ ನಟ್ಟುಗಳನ್ನು ಕೊನೆಗೆ, ಸರದಿಯಂತೆ ಸ್ವಲ್ಪಸ್ವಲ್ಪವೇ ಸಡಿಲಿಸಬೇಕು. ಒಳಗಿನ ಸ್ಪ್ರಿಂಗುಗಳು ಅದುಮಿಟ್ಟ ಸ್ಥಿತಿಯಲ್ಲಿರುತ್ತವೆ. ವಾಲ್ವಿನ ಉಕ್ಕಿನ ಗುಂಡನ್ನು ಮೇಲೆತ್ತಲು ಆಯಸ್ಕಾಂತ ಸಾಕು. ರೋಲರ್ ಕ್ಲಚ್ ಕೂರಿಸಲು ಚರ್ಚಿಲ್ ಕಂಪನಿ ಉಂಗುರವೊಂದನ್ನು ಮಾಡಿತ್ತು. ರೋಲರ್‌ಗಳ ಸುತ್ತ ರಬ್ಬರ್ ಬ್ಯಾಂಡ್ ಹಾಕಿ, ಒಳಗೆ ತಳ್ಳುತ್ತಾ ಬ್ಯಾಂಡನ್ನು ಈಚೆಗೆ ಎಳೆದುಕೊಂಡರೆ ಉಂಗುರದ ಕೆಲಸ ಮುಗಿಯಿತು.

ತಾಳ್ಮೆ ಪರೀಕ್ಷಿಸುವುದು ಮರುಜೋಡಣೆ. ಗೇರ್‌ಬಾಕ್ಸಿನಿಂದ ಬರುವ ಶಾಫ್ಟಿನ ಗೀರುಹಲ್ಲುಗಳು ಗ್ರಹ ಗೇರ್‌ಗಳ ಚೌಕಟ್ಟನ್ನೂ ಅದರಾಚೆಯ ರೋಲರ್ ಕ್ಲಚ್ಚನ್ನೂ ಹೊಗಬೇಕು. ಎರಡರ ಹಲ್ಲುಗಳೂ ಒಂದೇ ಸಾಲಿನಲ್ಲಿ ಇರದಿದ್ದರೆ ಶಾಫ್ಟ್ ಒಂದನ್ನು ಹೊಕ್ಕು ಇನ್ನೊಂದರ ಬಾಗಿಲಲ್ಲಿ ನಿಲ್ಲುತ್ತದೆ. ಭಾರದ ಗೇರ್‌ಬಾಕ್ಸನ್ನು ಎತ್ತಿ ಹಿಡಿದವನ ಬಾಯಲ್ಲಿ ಆಗ ಬರುವ ಮಾತುಗಳು ಅಚ್ಚು ಹಾಕುವಂಥವಲ್ಲ. ಬೋಲ್ಟು ಬಿಗಿದು ಎಳೆದುಕೊಂಡರೆ ಕೂತೀತು ಎಂದು ಬಲ ಹಾಕಿದರೆ ಏನಾದರೊಂದು ಮುರಿಯುತ್ತದೆ. ಇದಕ್ಕೆಂದೇ ನಕಲಿ ಶಾಫ್ಟ್ ಇತ್ತು: ಮೊದಲು ಅದನ್ನು ತೂರಿಸಿ ಹಲ್ಲುಗಳನ್ನು ಸಾಲಿಗೆ ತಂದು, ಅಲುಗಾಡಿಸದೆ ಈಚೆ ತೆಗೆದು, ಆಮೇಲೆ ನಿಜವಾದ ಶಾಫ್ಟನ್ನು ಇಳಿಸುವುದು. ಗುಜರಿಯ ಗೇರ್‌ಬಾಕ್ಸಿನಿಂದ ಕತ್ತರಿಸಿದ ಶಾಫ್ಟ್ ಈ ಕೆಲಸಕ್ಕೆ ಅಸಲಿಯಷ್ಟೇ ಚೆನ್ನ. ಅದೂ ಸಿಗದಿದ್ದರೆ ಉದ್ದನೆಯ ಸ್ಕ್ರೂಡ್ರೈವರ್.

ಆಯಿಲ್ ವಿಷಯದಲ್ಲಿ ಮಾತ್ರ ಜಾಣತನ ಬೇಡ. ಗೇರ್‌ಬಾಕ್ಸಿಗೂ ಓವರ್‌ಡ್ರೈವ್‌ಗೂ ಒಂದೇ ಆಯಿಲ್. ಜಾರಿಕೆ ಹೆಚ್ಚಿಸುವ ಮಿಶ್ರಣ ಸುರಿದರೆ ಕಚ್ಚಬೇಕಾದ ಕ್ಲಚ್ಚೇ ಜಾರುತ್ತದೆ.

ಕಸಕ್ಕೂ ಇದು ಹೆದರುತ್ತದೆ. ಎ, ಡಿ ಮಾದರಿಗಳ ವಾಲ್ವಿನ ಕಡ್ಡಿಯಲ್ಲಿ ಸೂಜಿ ಗಾತ್ರದ ರಂಧ್ರವಿದೆ. ಸ್ವಿಚ್ ತೆಗೆದಾಗ ಒತ್ತಡದ ಆಯಿಲ್ ಅದರ ಮೂಲಕವೇ ಹಿಂದಿರುಗಬೇಕು. ಅದು ಕಟ್ಟಿಕೊಂಡರೆ ಓವರ್‌ಡ್ರೈವ್ ಬಿಡುವುದೇ ಇಲ್ಲ. ತೆಳು ತಂತಿ ತೂರಿಸಿ ತೊಳೆದರೆ ಸರಿಹೋಗುತ್ತದೆ. ಆದರೆ ಅಲ್ಲಿಯವರೆಗೆ ರಿವರ್ಸ್ ಗೇರ್ ಹಾಕಕೂಡದು: ರೋಲರ್ ಕ್ಲಚ್ ಒಂದು ಕಡೆ, ಬ್ರೇಕ್ ಉಂಗುರ ಇನ್ನೊಂದು ಕಡೆ ಹಿಡಿದು ಒಳಗಿನದೆಲ್ಲ ಪುಡಿಯಾಗುತ್ತದೆ. ನ್ಯೂಟ್ರಲ್ಲಿನಲ್ಲಿ ಹಿಂದಕ್ಕೆ ತಳ್ಳಿದರೂ ಅದೇ ಅಪಾಯ. ಕಾರು ಗೋಡೆಗೆ ಮೂತಿಯಿಟ್ಟು ನಿಂತಿದ್ದರೆ ಹಿಂದಿನ ಚಕ್ರಗಳನ್ನು ಟ್ರಾಲಿ ಜ್ಯಾಕಿನ ಮೇಲೆ ಎತ್ತಿಯೇ ಹೊರಗೆ ತರಬೇಕು.