ಕಿವಿಯಿಂದಲೂ ಆಡಬಹುದಾದ ಆಟ

ಬೇಸಿಗೆ ರಜೆ ಬಂತೆಂದರೆ ಅನೇಕ ಮನೆಗಳಲ್ಲಿ ಒಂದು ಮಾತು ಕೇಳಿಸುತ್ತದೆ: "ಆ ಟುಯ್ಯಿ ಟುಯ್ಯಿ ಸದ್ದು ಸಾಕು ಮಾಡ್ರೋ!" ಹೇಳುವವರು ಹೆಚ್ಚಾಗಿ ಅಜ್ಜ, ಇಲ್ಲವೇ ಅಜ್ಜಿ. ಕೇಳಿಸಿಕೊಂಡ ಮೊಮ್ಮಕ್ಕಳು ಆಟ ನಿಲ್ಲಿಸುವುದಿಲ್ಲ, ಸದ್ದು ಮಾತ್ರ ನಿಲ್ಲಿಸುತ್ತಾರೆ. ಇಲ್ಲದಿದ್ದರೆ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಳ್ಳುತ್ತಾರೆ. ಮನೆಯೇನೋ ಶಾಂತವಾಗುತ್ತದೆ. ಆದರೆ ಆ ಸದ್ದಿನ ಪರವಾಗಿ ನಾಲ್ಕು ಮಾತು ಹೇಳಬೇಕೆಂದು ನನಗೆ ಬಹಳ ದಿನಗಳಿಂದ ಆಸೆ.

ನಾನು ವಿಡಿಯೋ ಗೇಮ್ ಆಡಲು ಶುರು ಮಾಡಿ ಮೂವತ್ತು ವರ್ಷದ ಮೇಲಾಯಿತು. ಯಾವ ಆಟದಲ್ಲಿ ಎಷ್ಟು ಅಂಕ ಬಂದಿತ್ತು ಎಂಬುದು ಈಗ ನೆನಪಿಲ್ಲ. ಆಡುವಾಗ ಕೇಳಿದ ಸಂಗೀತ ಮಾತ್ರ ಹಾಗೇ ಉಳಿದಿದೆ. ಬಟ್ಟೆ ಒಣಗಿಸುವಾಗಲೂ, ಬಸ್ಸಿಗೆ ಕಾಯುವಾಗಲೂ ಅದನ್ನೇ ಗುನುಗುತ್ತೇನೆ. ಅದು ಸುಮ್ಮನೆ ಹಿಂದೆ ಬಡಿಯುವ ಸದ್ದಲ್ಲ. ಆಡುವವನನ್ನು ನೋಡುತ್ತಾ, ಅವನ ಜೊತೆಯಲ್ಲೇ ಹೆಜ್ಜೆ ಹಾಕುವ ಸಂಗೀತ ಅದು.

ನಾಲ್ಕು ಸ್ವರದ ಎದೆಬಡಿತ

1978ರಲ್ಲಿ ಜಪಾನಿನ ಟೈಟೊ ಕಂಪನಿ 'ಸ್ಪೇಸ್ ಇನ್ವೇಡರ್ಸ್' ಎಂಬ ಆಟ ಹೊರತಂದಿತು. ಅದನ್ನು ರೂಪಿಸಿದವರು ತೊಮೊಹಿರೊ ನಿಶಿಕಾಡೊ. ಪರದೆಯ ಮೇಲ್ಭಾಗದಲ್ಲಿ ಸಾಲಿಗೆ 11ರಂತೆ ಐದು ಸಾಲು, ಒಟ್ಟು 55 ಅನ್ಯಗ್ರಹ ಜೀವಿಗಳು. ಅವು ಅತ್ತಿತ್ತ ಸರಿಯುತ್ತಾ ಕೆಳಗಿಳಿಯುತ್ತವೆ. ನಾವು ಕೆಳಗಿನಿಂದ ಗುಂಡು ಹೊಡೆಯಬೇಕು. ಸಂಗೀತವೆಂದರೆ ನಾಲ್ಕೇ ನಾಲ್ಕು ತಗ್ಗಿನ ಸ್ವರ. ಡುಮ್, ಡುಮ್, ಡುಮ್, ಡುಮ್. ಮತ್ತೆ ಅದೇ.

ಒಂದೊಂದು ಜೀವಿ ಬಿದ್ದಂತೆಲ್ಲ ಉಳಿದವುಗಳ ನಡಿಗೆ ಚುರುಕಾಗುತ್ತದೆ. ಜೊತೆಗೆ ಆ ನಾಲ್ಕು ಸ್ವರದ ವೇಗವೂ ಏರುತ್ತದೆ. ನಡಿಗೆ ಚುರುಕಾಗಲು ಒಂದು ತಮಾಷೆಯ ಕಾರಣವಿದೆ. 55 ಚಿತ್ರಗಳನ್ನು ಒಟ್ಟಿಗೆ ಓಡಿಸಲು ಅಂದಿನ ಯಂತ್ರ ಏದುಸಿರು ಬಿಡುತ್ತಿತ್ತು. ಸಂಖ್ಯೆ ಇಳಿದಂತೆ ಅದರ ಹೊರೆಯೂ ಇಳಿದು, ಉಳಿದವು ತಾವಾಗಿಯೇ ವೇಗವಾಗಿ ಓಡತೊಡಗಿದವು. ನಿಶಿಕಾಡೊ ಅದನ್ನು ಸರಿಪಡಿಸಲು ಹೋಗಲಿಲ್ಲ, ಹಾಗೇ ಬಿಟ್ಟರು. ಕೊನೆಯ ಜೀವಿ ಉಳಿಯುವ ಹೊತ್ತಿಗೆ ಆಡುವವನ ಎದೆಯೂ ಅದೇ ಲಯದಲ್ಲಿ ಬಡಿಯುತ್ತಿರುತ್ತದೆ.

ಯಕ್ಷಗಾನ ನೋಡಿದವರಿಗೆ ಇದು ಹೊಸದಲ್ಲ. ಭಾಗವತರು ವೇಷಧಾರಿಯ ಮೇಲೆ ಕಣ್ಣಿಟ್ಟೇ ಪದ ಹೇಳುತ್ತಾರೆ. ಅವನು ಇನ್ನೂ ಕುಣಿಯುತ್ತಿದ್ದರೆ ಪದವನ್ನು ಎಳೆಯುತ್ತಾರೆ. ಯುದ್ಧ ಬಂದರೆ ಚೆಂಡೆ ಏರುತ್ತದೆ. ಸಿನಿಮಾದ ಹಾಡು ಹಾಗಲ್ಲ, ಅದು ಎಷ್ಟು ನಿಮಿಷವೆಂದು ಮೊದಲೇ ಗೊತ್ತು. ವಿಡಿಯೋ ಗೇಮ್ ಆಡುವ ಹುಡುಗ ಒಂದು ಕಡೆ ಹತ್ತು ಸೆಕೆಂಡು ನಿಲ್ಲಬಹುದು, ಹತ್ತು ನಿಮಿಷವೂ ನಿಲ್ಲಬಹುದು. ಸಂಗೀತ ಬೇಸರ ತರಿಸದೆ ಅವನಿಗಾಗಿ ಸುತ್ತು ಹೊಡೆಯುತ್ತಲೇ ಇರಬೇಕು. ಇಲ್ಲಿ ಭಾಗವತರ ಕೆಲಸ ಕಂಪ್ಯೂಟರಿನದು.

ಐದೇ ದನಿಯ ಮೇಳ

ನನ್ನ ಮೆಚ್ಚಿನವರಲ್ಲಿ ಮೊದಲಿಗರು ಕೋಜಿ ಕೊಂಡೊ. 1961ರಲ್ಲಿ ಜಪಾನಿನ ನಗೋಯಾದಲ್ಲಿ ಹುಟ್ಟಿದ ಇವರು 1984ರಲ್ಲಿ ನಿಂಟೆಂಡೊ ಕಂಪನಿ ಸೇರಿದರು. ಮರುವರ್ಷವೇ 'ಸೂಪರ್ ಮಾರಿಯೋ ಬ್ರದರ್ಸ್' ಬಂತು. ಕೆಂಪು ಟೋಪಿ, ದಪ್ಪ ಮೀಸೆಯ ಮಾರಿಯೋ ಅಣಬೆ ತಿಂದು ದೊಡ್ಡವನಾಗುವ ಆಟ.

ಅದರ ಸಂಗೀತಕ್ಕೆ ಕೊಂಡೊ ಅವರ ಬಳಿ ಏನಿತ್ತು? ಆ ಯಂತ್ರದಲ್ಲಿ ಒಟ್ಟು ಐದೇ ದನಿ. ಎರಡು ಪೀಪಿಯಂಥವು, ಒಂದು ತಗ್ಗಿನ ಮೆತ್ತನೆಯ ದನಿ, ಒಂದು ತಾಳಕ್ಕೆ ಒದಗುವ 'ಶ್ಶ್' ಎಂಬ ಸದ್ದು, ಇನ್ನೊಂದು ಮೊದಲೇ ಮುದ್ರಿಸಿಟ್ಟ ಚಿಕ್ಕ ಶಬ್ದಗಳಿಗೆ. ಮಾರಿಯೋ ಜಿಗಿದಾಗ ಬರುವ 'ಬೊಯಿಂಗ್' ಕೂಡ ಇವುಗಳಲ್ಲೇ ಒಂದರಿಂದ ಹೊರಡಬೇಕು. ಆ ಕ್ಷಣಕ್ಕೆ ಒಂದು ದನಿ ಹಾಡು ಬಿಟ್ಟು ಜಿಗಿತಕ್ಕೆ ಹೋಗಿಬರುತ್ತದೆ. ನಮ್ಮ ಕಿವಿಗೆ ಅದು ತಿಳಿಯುವುದೇ ಇಲ್ಲ. ಜಾಗವೂ ಕಡಿಮೆ. ಚಿತ್ರ, ಸಂಗೀತ ಎಲ್ಲ ಸೇರಿ ಇಡೀ ಆಟ 40 ಕಿಲೋಬೈಟ್. ನಿಮ್ಮ ಮೊಬೈಲಿನ ಒಂದು ಫೋಟೋ 2 ಮೆಗಾಬೈಟ್ ಇದ್ದರೆ, ಅಷ್ಟರಲ್ಲಿ ಇಂಥ 50 ಆಟ ಹಿಡಿಸುತ್ತವೆ!

ಕೊಂಡೊ ಮೊದಲು ಬರೆದ ಧಾಟಿ ನಿಧಾನವಾಗಿತ್ತು, ಮಾರಿಯೋನ ಓಟಕ್ಕೆ ಹೊಂದಲಿಲ್ಲ. ಅದನ್ನು ಬಿಟ್ಟು, ಓಡುವ ಮತ್ತು ನೆಗೆಯುವ ಲಯಕ್ಕೆ ತಕ್ಕಂತೆ ಮತ್ತೊಂದನ್ನು ಬರೆದರು. ಬಯಲಲ್ಲಿ ಓಡುವಾಗ ಒಂದು ಧಾಟಿ. ಕೊಳವೆಯೊಳಗಿಂದ ನೆಲಮಾಳಿಗೆಗೆ ಇಳಿದರೆ ಕಳ್ಳಹೆಜ್ಜೆಯಂಥ ಇನ್ನೊಂದು. ನೀರಿನಲ್ಲಿ ಈಜುವಾಗ ಮೂರು ಪೆಟ್ಟಿನ, ತೂಗುಯ್ಯಾಲೆಯಂಥ ಧಾಟಿ. ಕೋಟೆಯಲ್ಲಿ ಎದೆ ಝಲ್ಲೆನಿಸುವಂಥದ್ದು. ಉಳಿದ ಸಮಯ 100ಕ್ಕಿಂತ ಕೆಳಗಿಳಿದರೆ ಒಂದು ಎಚ್ಚರಿಕೆಯ ಸದ್ದು ಬಂದು, ಅದೇ ಹಾಡು ಸಂಗೀತದ ಪಾಠದಲ್ಲಿ ಒಂದನೇ ಕಾಲದಿಂದ ಎರಡನೇ ಕಾಲಕ್ಕೆ ಹೋದಂತೆ ಓಡತೊಡಗುತ್ತದೆ.

2023ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್, ಮುಂದಿನ ಪೀಳಿಗೆಗೆ ಕಾಪಾಡಬೇಕಾದ ಧ್ವನಿಮುದ್ರಣಗಳ ಪಟ್ಟಿಗೆ ಮಾರಿಯೋನ ಈ ಬಯಲ ಹಾಡನ್ನು ಸೇರಿಸಿತು. ವಿಡಿಯೋ ಗೇಮಿನ ಸಂಗೀತಕ್ಕೆ ಆ ಪಟ್ಟಿಯಲ್ಲಿ ಸ್ಥಾನ ಸಿಕ್ಕಿದ್ದು ಅದೇ ಮೊದಲು.

ಅಜ್ಜಿಗೆ ಎಲ್ಲ ಗೊತ್ತಾಗುತ್ತಿತ್ತು

ಈ ಸಂಗೀತದ ಬೆಲೆ ನನಗೆ ತಿಳಿದದ್ದು ಪುಸ್ತಕದಿಂದಲ್ಲ, ನಮ್ಮಜ್ಜಿಯಿಂದ. ಸಾಗರದ ನಮ್ಮ ಮನೆಗೆ ಚಿಕ್ಕಪ್ಪ ಬೆಂಗಳೂರಿನಿಂದ ಒಂದು ಟಿ.ವಿ. ಗೇಮ್ ತಂದುಕೊಟ್ಟಾಗ ನಾನು ಐದನೇ ಕ್ಲಾಸು. ಅಜ್ಜಿಯ ಕಣ್ಣು ಆಗಲೇ ಪೂರಾ ಮಂಜಾಗಿತ್ತು. ವಾರಪತ್ರಿಕೆ ಓದುವುದು ನಿಂತಿತ್ತು, ಧಾರಾವಾಹಿ ನೋಡುವುದೂ ನಿಂತಿತ್ತು. ಮಧ್ಯಾಹ್ನ ಊಟವಾದ ಮೇಲೆ ಗೋಡೆಗೆ ಒರಗಿ ಬತ್ತಿ ಹೊಸೆಯುತ್ತಾ ಕೂರುತ್ತಿದ್ದರು. ಮಾತು ಬಹಳ ಕಡಿಮೆಯಾಗಿತ್ತು.

ಒಂದು ದಿನ ನಾನು ಆಡುತ್ತಿದ್ದಾಗ ಹಿಂದಿನಿಂದ ಕೇಳಿದರು: "ಏನೋ, ನೆಲಮಾಳಿಗೆಗೆ ಇಳಿದ್ಯಾ?"

ನಾನು ತಿರುಗಿ ನೋಡಿದೆ. "ಅಜ್ಜಿ, ನಿಂಗೆ ಕಾಣ್ತದಾ?"

"ಕಾಣೂದೆಂತದು? ದನಿ ಬದಲಾಯ್ತಲ್ಲ!"

ಅಂದಿನಿಂದ ಅಜ್ಜಿ ನನ್ನ ಜೊತೆಗಾರ್ತಿ. ನೀರಿಗಿಳಿದರೆ "ಈಜಾಟ ಶುರು" ಎನ್ನುವರು. ಸತ್ತರೆ "ಅಯ್ಯೋ, ಹೋದ್ಯಲ್ಲೋ" ಎನ್ನುವರು. ಆಟದಲ್ಲಿ ಮುಳುಗಿದ ನನಗೆ ಸಮಯ ಮುಗಿಯುತ್ತಿರುವುದು ಗೊತ್ತಾಗುವ ಮೊದಲೇ "ಕಾಲ ಏರಿತು, ಓಡು ಓಡು!" ಎಂದು ನೆಲ ತಟ್ಟುವರು. ಹರೆಯದಲ್ಲಿ ರಾತ್ರಿಯಿಡೀ ಬಯಲಾಟ ನೋಡಿದ ಕಿವಿ ಅದು, ತಪ್ಪುತ್ತಿರಲಿಲ್ಲ. ಕೊನೆಯ ಕೋಟೆ ಗೆದ್ದ ದಿನ ಅಮ್ಮನಿಗೆ ಅಜ್ಜಿ ಹೇಳಿದ್ದು, "ನಾವು ಗೆದ್ವು" ಎಂದು. ಆ 'ನಾವು' ಎಂಬ ಮಾತು ನನಗೆ ಇನ್ನೂ ಕೇಳಿಸುತ್ತದೆ. ನಾನು ಅಂದು ಇಯರ್‌ಫೋನ್ ಹಾಕಿಕೊಂಡು ಆಡಿದ್ದರೆ, ಆ ಮಧ್ಯಾಹ್ನಗಳಲ್ಲಿ ಅಜ್ಜಿ ಬರೀ ಬತ್ತಿ ಹೊಸೆಯುತ್ತಲೇ ಇರುತ್ತಿದ್ದರು.

ರಷ್ಯದ ಸಂತೆಯಿಂದ ಬಂದ ಹಾಡು

ಅಜ್ಜ-ಅಜ್ಜಿಯರೂ ಒಮ್ಮೆ ನೋಡಿರಬಹುದಾದ ಆಟ 'ಟೆಟ್ರಿಸ್'. ಮೇಲಿನಿಂದ ಬೀಳುವ ಇಟ್ಟಿಗೆಯಂಥ ತುಂಡುಗಳನ್ನು ತಿರುಗಿಸಿ ಸಾಲು ತುಂಬಿಸುವುದು. 1984ರಲ್ಲಿ ಮಾಸ್ಕೋದಲ್ಲಿ ಅಲೆಕ್ಸಿ ಪಜಿಟ್ನೊವ್ ಇದನ್ನು ರೂಪಿಸಿದರು. 1989ರಲ್ಲಿ ನಿಂಟೆಂಡೊದ 'ಗೇಮ್ ಬಾಯ್' ಎಂಬ ಅಂಗೈಯಗಲದ ಯಂತ್ರದಲ್ಲಿ ಇದು ಲೋಕವನ್ನೆಲ್ಲ ಸುತ್ತಿತು.

ಅದರ ಪ್ರಸಿದ್ಧ ಧಾಟಿ ಆಟಕ್ಕೆಂದು ಹುಟ್ಟಿದ್ದಲ್ಲ. ಅದು 'ಕೊರೊಬೇನಿಕಿ' ಎಂಬ ರಷ್ಯದ ಜನಪದ ಹಾಡು. ಊರೂರು ತಿರುಗಿ ಬಟ್ಟೆಬರೆ ಮಾರುವ ವ್ಯಾಪಾರಿ ಮತ್ತು ಒಬ್ಬ ಹುಡುಗಿಯ ಹಾಡು. ನಮ್ಮಲ್ಲಿ ಬಳೆಗಾರನ ಹಾಡುಗಳಿಲ್ಲವೇ, ಹಾಗೆ. ಅದರ ಸಾಹಿತ್ಯಕ್ಕೆ ಮೂಲ 1861ರಲ್ಲಿ ನಿಕೊಲಾಯ್ ನೆಕ್ರಾಸೊವ್ ಬರೆದ ಕವಿತೆ. ಗೇಮ್ ಬಾಯ್‌ಗೆ ಅದನ್ನು ಹೊಂದಿಸಿದವರು ಜಪಾನಿನ ಹಿರೊಕಾಜು ತನಾಕಾ. ಹಳೆಯ ಜನಪದ ಧಾಟಿಯೊಂದು ಹೀಗೆ ಕೋಟ್ಯಂತರ ಮಕ್ಕಳ ಕಿವಿಗೆ ಬಿತ್ತು. ಅದೇ ಆಟದಲ್ಲಿ ಜರ್ಮನಿಯ ಬಾಕ್ ಅವರ ಒಂದು ಕೃತಿಯ ಧಾಟಿಯೂ ಇದೆ.

ಮಳೆ ತರಿಸುವ ಮಣ್ಣಿನ ಕೊಳಲು

ಮತ್ತೆ ಕೊಂಡೊ ಅವರ ಬಳಿಗೆ ಬರೋಣ. 1986ರ 'ದ ಲೆಜೆಂಡ್ ಆಫ್ ಜೆಲ್ಡಾ' ಆಟದ ಆರಂಭಕ್ಕೆ ಫ್ರಾನ್ಸಿನ ಸಂಗೀತಗಾರ ರವೆಲ್ ಅವರ 'ಬೊಲೆರೊ' ಬಳಸಬೇಕೆಂದಿದ್ದರು. ಅದರ ಹಕ್ಕುಸ್ವಾಮ್ಯದ ಅವಧಿ ಇನ್ನೂ ಮುಗಿದಿರಲಿಲ್ಲ. ಆಟ ಹೊರಬರುವ ದಿನ ಹತ್ತಿರವಾಗಿತ್ತು. ಕೊಂಡೊ ಒಂದೇ ದಿನದಲ್ಲಿ ಬೇರೆ ಸಂಗೀತ ಸಿದ್ಧಮಾಡಿಕೊಟ್ಟರು. ಇಂದಿಗೂ ಜೆಲ್ಡಾ ಎಂದರೆ ಜನ ಗುನುಗುವುದು ಅದನ್ನೇ.

1998ರಲ್ಲಿ ಬಂದ 'ಒಕರಿನಾ ಆಫ್ ಟೈಮ್' ಇದೇ ಸರಣಿಯದು. ಒಕರಿನಾ ಎಂದರೆ ಮಣ್ಣಿನಿಂದ ಮಾಡುವ, ಮೊಟ್ಟೆಯಂತೆ ಉಬ್ಬಿದ ಒಂದು ಊದುವಾದ್ಯ. ಆಟದ ನಾಯಕ ಲಿಂಕ್ ಅದನ್ನು ನುಡಿಸುತ್ತಾನೆ. ಅಲ್ಲ, ನಾವೇ ನುಡಿಸಬೇಕು. ಐದು ಗುಂಡಿಗೆ ಐದು ಸ್ವರ. ಸರಿಯಾದ ಕ್ರಮದಲ್ಲಿ ಒತ್ತಿದರೆ ರಾತ್ರಿ ಹಗಲಾಗುತ್ತದೆ, ಕುದುರೆ ಓಡಿ ಬರುತ್ತದೆ, ಮಳೆ ಸುರಿಯುತ್ತದೆ. ತಪ್ಪಿದರೆ ಏನೂ ಆಗುವುದಿಲ್ಲ. ಆಟ ಗೆಲ್ಲಲು ಕತ್ತಿ ಮಾತ್ರ ಸಾಲದು, ಹಾಡೂ ನೆನಪಿರಬೇಕು.

ನನ್ನ ಮಗಳು ಇದನ್ನು ಆಡುವಾಗ ನನ್ನ ಅಪ್ಪ ಪಕ್ಕದಲ್ಲಿ ಕುಳಿತಿದ್ದರು. ಅಮೃತವರ್ಷಿಣಿ ರಾಗ ಹಾಡಿ ಮುತ್ತುಸ್ವಾಮಿ ದೀಕ್ಷಿತರು ಮಳೆ ತರಿಸಿದರೆಂಬ ಕಥೆಯನ್ನು ಅವಳಿಗೆ ಅವರೇ ಹೇಳಿದ್ದರು. ಪರದೆಯಲ್ಲಿ ಮಳೆ ಸುರಿದದ್ದೇ ಅಪ್ಪ ಎಂದರು: "ರಾಗ ಅಮೃತವರ್ಷಿಣಿ ಅಲ್ಲ ಪುಟ್ಟಿ. ಆದ್ರೂ ಮಳೆ ಬಂತಲ್ಲ, ಒಪ್ಪಿದೆ!"

ಐವತ್ತರ ನಂತರ ಶುರು

ಅಜ್ಜಂದಿರು ಇದನ್ನು ಗಮನಿಸಬೇಕು. ಜಪಾನಿನ ಕೊಇಚಿ ಸುಗಿಯಾಮಾ 1931ರಲ್ಲಿ ಹುಟ್ಟಿದವರು. ಟಿ.ವಿ.ಗೆ, ಹಾಡುಗಾರರಿಗೆ ಸಂಗೀತ ಬರೆದು ಆಗಲೇ ಹೆಸರಾಗಿದ್ದರು. ಚದುರಂಗದಂಥ 'ಶೋಗಿ'ಯ ಕಂಪ್ಯೂಟರ್ ಆಟವೊಂದನ್ನು ಆಡಿ, ಅದರ ಜೊತೆಗಿದ್ದ ಅಭಿಪ್ರಾಯದ ಕಾರ್ಡು ತುಂಬಿದರು. ಅದು ಎನಿಕ್ಸ್ ಕಂಪನಿ ತಲುಪಿತು. ಇಷ್ಟು ದೊಡ್ಡ ಸಂಗೀತಗಾರರು ನಮ್ಮ ಆಟ ಆಡುತ್ತಾರೆಯೇ ಎಂದು ಕಂಪನಿಯವರಿಗೆ ಅಚ್ಚರಿ. ಆ ಪರಿಚಯದಿಂದ 1986ರ 'ಡ್ರ್ಯಾಗನ್ ಕ್ವೆಸ್ಟ್'ಗೆ ಅವರು ಸಂಗೀತ ಕೊಟ್ಟರು. ಆಗ ಅವರಿಗೆ 55. ಮರುವರ್ಷವೇ ಟೋಕಿಯೊದ ಸಂಟೋರಿ ಹಾಲ್‌ನಲ್ಲಿ ವಾದ್ಯವೃಂದ ಅದನ್ನು ನುಡಿಸಿತು. ಮಕ್ಕಳೂ ದೊಡ್ಡವರೂ ಒಟ್ಟಿಗೆ ಕೂತು ಕೇಳಲೆಂದೇ ಮಾಡಿದ ಕಛೇರಿ ಅದು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ಕ್ರೀಡಾಪಟುಗಳು ಒಳಬರಲು ಶುರು ಮಾಡಿದ್ದು ಇದೇ ಆಟದ ಸಂಗೀತದೊಂದಿಗೆ.

ಪಿಯಾನೋ ಕಲಿತ ಯೋಕೊ ಶಿಮೊಮುರಾ ಎಂಬ ಯುವತಿ 1991ರ 'ಸ್ಟ್ರೀಟ್ ಫೈಟರ್ 2'ಗೆ ಸಂಗೀತ ಬರೆದರು. ಅದರಲ್ಲಿ ಒಬ್ಬೊಬ್ಬ ಮಲ್ಲನಿಗೂ ಒಂದೊಂದು ಧಾಟಿ. ಧಾಲ್ಸಿಮ್ ಎಂಬ ಭಾರತದ ಯೋಗಿಯೂ ಇದ್ದಾನೆ, ಅವನ ಅಖಾಡದ ಸುತ್ತ ಆನೆಗಳು!

ಇಂದಿನ ಮಕ್ಕಳ 'ಮೈನ್‌ಕ್ರಾಫ್ಟ್'ಗೆ ಸಂಗೀತ ಕೊಟ್ಟವರು ಜರ್ಮನಿಯ ಡೇನಿಯಲ್ ರೋಸೆನ್‌ಫೆಲ್ಡ್. ಅಲ್ಲಿ ಗದ್ದಲವೇ ಇಲ್ಲ. ಬಹಳ ಹೊತ್ತು ಮೌನ, ನಡುವೆ ಯಾವಾಗಲೋ ಪಿಯಾನೋದ ನಾಲ್ಕು ಮೆದು ಸ್ವರ. 2011ರ ಆ ಧ್ವನಿಮುದ್ರಣವೂ 2025ರಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್‌ನ ಪಟ್ಟಿ ಸೇರಿದೆ.

ಹೀಗೆ ಮಾಡಿ ನೋಡಿ

ಆಟಕ್ಕೊಂದು ಹೊತ್ತುಗೊತ್ತು ಇರಲೇಬೇಕು. ಆ ವಿಷಯದಲ್ಲಿ ನಾನು ಹಿರಿಯರ ಪಕ್ಷ. ಆದರೆ ಆಡುವ ಅರ್ಧ ಗಂಟೆಯಾದರೂ ಮಕ್ಕಳೇ, ಇಯರ್‌ಫೋನ್ ತೆಗೆದಿಡಿ. ಅಜ್ಜ ಅಥವಾ ಅಜ್ಜಿಯನ್ನು ಪಕ್ಕಕ್ಕೆ ಕರೆದು ಕಣ್ಣು ಮುಚ್ಚಿ ಕೂರಲು ಹೇಳಿ. ನೀವು ಆಡುತ್ತಾ ಹೋಗಿ. ಬಯಲಲ್ಲಿದ್ದೀರೋ ಗುಹೆಯಲ್ಲೋ, ಅಪಾಯ ಹತ್ತಿರವಿದೆಯೋ ದೂರವೋ, ಅವರು ಕಿವಿಯಿಂದಲೇ ಹೇಳಲಿ. ಸರಿಯಾದ ಉತ್ತರಕ್ಕೆ ಒಂದು ಅಂಕ.

ಅಜ್ಜ-ಅಜ್ಜಿಯರೇ, ನೀವು ತಾಳ ಹಾಕಿ ನೋಡಿ. ಎಷ್ಟು ಪೆಟ್ಟಿಗೆ ಧಾಟಿ ಮತ್ತೆ ಮೊದಲಿಗೆ ಬರುತ್ತದೆ ಎಂದು ಎಣಿಸಿ. ಮನೆಯಲ್ಲಿ ಹಾರ್ಮೋನಿಯಂ ಅಥವಾ ಕೀಬೋರ್ಡ್ ಇದ್ದರೆ ಇಬ್ಬರೂ ಸೇರಿ ಆ ಸ್ವರಗಳನ್ನು ಹುಡುಕಿ. ಆಮೇಲೆ ನಿಮ್ಮದೊಂದು ಲಾಲಿಯನ್ನೋ ಬೀಸುವ ಪದವನ್ನೋ ಮೊಮ್ಮಕ್ಕಳಿಗೆ ಕಲಿಸಿ. ಬೆರಳಿನ ಚುರುಕು ವಯಸ್ಸಿನೊಂದಿಗೆ ಇಳಿಯಬಹುದು, ಕಣ್ಣು ಮಂಜಾಗಬಹುದು. ಲಯ ಹಿಡಿಯುವ ಕಿವಿ ಅಷ್ಟು ಬೇಗ ಮುಪ್ಪಾಗುವುದಿಲ್ಲ.

ಸದ್ದು ಜೋರಾಗಿ ಇರಬೇಕಿಲ್ಲ. ಪಕ್ಕದ ಕುರ್ಚಿಗೆ ಕೇಳಿಸಿದರೆ ಸಾಕು.