32 ಮಿಲಿಮೀಟರಿನ ಬೆರಗು

32 ಮಿಲಿಮೀಟರ್! ಕೆನ್ಯಾದ ಹಳ್ಳಿಯ ಬಡಗಿ ಇದೊಂದನ್ನು ತಪ್ಪದೆ ಅಳೆದುಕೊಟ್ಟರೆ ಮಿಕ್ಕ ಕೆಲಸವನ್ನೆಲ್ಲ ಜೇನುನೊಣಗಳೇ ಮುಗಿಸಿಬಿಡುತ್ತವೆ ಅಂದರೆ ನಂಬುತ್ತೀರಾ?

1970ರ ದಶಕದಲ್ಲಿ ಕೆನಡಾದ ನೆರವಿನೊಂದಿಗೆ ಅಲ್ಲಿ ಹಬ್ಬಿದ ಈ ಜೇನುಪೆಟ್ಟಿಗೆಗೆ ‘ಕೆನ್ಯಾ ಟಾಪ್ ಬಾರ್’ ಎಂದು ಹೆಸರು. ದನಕ್ಕೆ ನೀರಿಡುವ ಬಾನಿಯ ಹಾಗೆ ಮೇಲೆ ಅಗಲ, ಕೆಳಗೆ ಕಿರಿದು. ಒಳಗೆ ಚೌಕಟ್ಟೇ ಇಲ್ಲ! ಬಾಯಿಗೆ ಅಡ್ಡಲಾಗಿ, ಒಂದಕ್ಕೊಂದು ಒತ್ತಿ ಕೂತ ಮರದ ಪಟ್ಟಿಗಳು, ಅಷ್ಟೇ. ಪಟ್ಟಿಯ ಅಗಲ 32 ಮಿ.ಮೀ. ಯಾಕೆ? ಅಲ್ಲಿನ ಜೇನು ಮರದ ಪೊಟರೆಯಲ್ಲಿ ಯಾರ ಹಂಗೂ ಇಲ್ಲದೆ ಗೂಡು ಕಟ್ಟುವಾಗಲೂ ಒಂದು ಎರಿಯ ನಡುವಿನಿಂದ ಇನ್ನೊಂದರ ನಡುವಿಗೆ ಸುಮಾರು ಅಷ್ಟೇ ದೂರ ಬಿಡುತ್ತದೆ! ಪಟ್ಟಿಯ ಅಡಿಯ ನಡುಗೆರೆಗೆ ಚೂರು ಮೇಣ ಸವರಿದರೆ ಸಾಕು, ಅಲ್ಲಿಂದಲೇ ಪಟ್ಟಿಗೊಂದು ಎರಿ ಇಳಿಬಿಡುತ್ತವೆ. ಅಳತೆ ತಪ್ಪಿತೋ, ಎರಿ ಪಕ್ಕದ ಪಟ್ಟಿಗೂ ಹಾಯ್ದು ಎಲ್ಲ ಕಲಸುಮೇಲೋಗರ. ಪೆಟ್ಟಿಗೆ ಮಾತ್ರ ಹಲಗೆಯದ್ದಾಗಲಿ, ಹೆಣೆದ ಬುಟ್ಟಿಯಾಗಲಿ, ನಡೆಯುತ್ತದೆ. ಜಾರ್ಜ್ ವೀಲರ್ ಎಂಬ ಇಂಗ್ಲಿಷ್ ಪ್ರವಾಸಿ 1682ರಷ್ಟು ಹಿಂದೆಯೇ ಗ್ರೀಸಿನ ಇಂಥ ಬುಟ್ಟಿಗೂಡನ್ನು ವರ್ಣಿಸಿದ್ದ!

ನನ್ನನ್ನು ದಂಗುಬಡಿಸಿದ್ದು ಮಾತ್ರ ಆ ಪಟ್ಟಿಗಳ ಒತ್ತು. ಆಫ್ರಿಕಾದ ಜೇನಿನ ಸಿಟ್ಟು ಲೋಕಪ್ರಸಿದ್ಧ. ನಮ್ಮಲ್ಲಿಯ ಚೌಕಟ್ಟಿನ ಪೆಟ್ಟಿಗೆಯ ಮುಚ್ಚಳ ತೆಗೆದರೆ ಇಡೀ ಸಂಸಾರವೇ ಬಯಲಿಗೆ. ಇಲ್ಲಿ ಪಟ್ಟಿಗಳೇ ಚಾವಣಿ! ಒಂದನ್ನು ಎತ್ತಿದರೆ ತೆರೆಯುವುದು ಎರಡು ಬೆರಳಗಲದ ಸಂದು. ಉಳಿದ ಸಾವಿರಾರು ನೊಣ ಕತ್ತಲಲ್ಲಿ ತಮ್ಮ ಪಾಡಿಗೆ ತಾವು. ಎತ್ತಿದ ಎರಿಯನ್ನು ನೆಟ್ಟಗೆ ಹಿಡಿಯಬೇಕು, ಮಲಗಿಸಿದರೆ ಎಳೆಯ ಮೇಣ ಪಟಕ್ಕನೆ ಮುರಿಯುತ್ತದೆ.

ಮರದ ತುದಿಯ ದಿಮ್ಮಿಗೂಡಿಗೆ ರಾತ್ರಿ ಹತ್ತುವುದು ಗಂಡಸರ ಕೆಲಸವಾಗಿತ್ತು. ಈ ಪೆಟ್ಟಿಗೆಯೋ, ಎರಡು ಕಂಬದ ನಡುವೆ ತಂತಿಯಲ್ಲಿ ಸೊಂಟದೆತ್ತರಕ್ಕೆ ತೂಗುತ್ತದೆ. ಜೇನುಗಳ್ಳ ರಾಟೆಲ್‌ಗೆ ಎಟುಕುವುದು ಕಷ್ಟ, ತಂತಿಗೆ ಗ್ರೀಸ್ ಬಳಿದರೆ ಇರುವೆಗೂ ದಾರಿಯಿಲ್ಲ, ಹೆಂಗಸರಿಗೆ ಮರ ಹತ್ತುವ ಪ್ರಮೇಯವೇ ಇಲ್ಲ! ಎರಿ ಕೊಯ್ದು ಹಿಂಡಿದರಾಯಿತು, ತುಪ್ಪ ತೆಗೆಯುವ ಯಂತ್ರ ಬೇಡ. ಪ್ರತಿಸಲ ಹೊಸ ಎರಿ ಕಟ್ಟಬೇಕಾದ್ದರಿಂದ ತುಪ್ಪ ಕೊಂಚ ಕಡಿಮೆಯಾದೀತು. ಆಗಲಿ ಬಿಡಿ, ಮೇಣ ಧಾರಾಳ, ಅದಕ್ಕೂ ಬೆಲೆಯುಂಟು.

ಓದಿ ಕೈ ತುರಿಸುತ್ತಿದ್ದರೆ ಒಂದು ಮಾತು. ನಮ್ಮ ತುಡುವೆ ಇನ್ನೂ ಒತ್ತಾಗಿ ಕಟ್ಟುತ್ತದೆ, ಅದಕ್ಕೆ ಈ ಅಳತೆ ಹೊಂದದು. ಮೊದಲು ನಿಮ್ಮೂರಿನ ಪೊಟರೆಯ ಎರಿಗಳಿಗೆ ಅಳತೆಪಟ್ಟಿ ಹಿಡಿಯಿರಿ, ಆಮೇಲೆ ಬಡಗಿಯ ಹತ್ತಿರ ಹೋಗಿ.