ಹೊಲದ ಲೆಕ್ಕವೂ ಶಾಲೆಯ ಮಕ್ಕಳೂ: ಗಣಕಯಂತ್ರದ ಕೋಷ್ಟಕದ ಪ್ರಯೋಜನ

ಬಿತ್ತುವ ಕಾಲಕ್ಕೆ ತಪ್ಪಿದ ಲೆಕ್ಕವನ್ನು ರಾಶಿಯ ಕಾಲಕ್ಕೆ ತಿದ್ದಲು ಬರುವುದಿಲ್ಲ. ನವಲಗುಂದ, ಅಣ್ಣಿಗೇರಿಗಳ ಎರೆಭೂಮಿಯಲ್ಲಿ ಹಿಂಗಾರಿ ಕಡಲೆ, ಕುಂದಗೋಳದಲ್ಲಿ ಮೆಣಸಿನಕಾಯಿ, ಕಲಘಟಗಿಯಲ್ಲಿ ಭತ್ತ ಮತ್ತು ಗೋವಿನಜೋಳ, ಹೀಗೆ ಪೈರು ಯಾವುದೇ ಇರಲಿ, ಅದರಿಂದ ನಿಜವಾಗಿ ಉಳಿದದ್ದೆಷ್ಟೆಂಬುದನ್ನು ಖಚಿತವಾಗಿ ಹೇಳಬಲ್ಲ ಒಕ್ಕಲು ಮನೆಗಳು ವಿರಳ. ಕಿರ್ದಿ ಖತಾವಣಿಗಳು ಅಂಗಡಿಯವರ ವಸ್ತುಗಳೆಂಬ ಭಾವನೆಯೇ ಇದಕ್ಕೆ ಕಾರಣ. ಈ ಕೊರತೆಯನ್ನು ಪ್ರೌಢಶಾಲೆಗೆ ಹೋಗುವ ಮಕ್ಕಳ ಮುಖಾಂತರ ನೀಗಿಸಿಕೊಳ್ಳುವುದು ಸಾಧ್ಯವಿದೆ. ಅದಕ್ಕೆ ಸಾಧನವೆಂದರೆ ಗಣಕಯಂತ್ರದಲ್ಲಿ ಬರೆಯುವ ಲೆಕ್ಕದ ಕೋಷ್ಟಕ, ಅಂದರೆ ಸ್ಪ್ರೆಡ್‌ಶೀಟ್.

ಕೋಷ್ಟಕದ ಸ್ವರೂಪ.— ಇದು ಅಡ್ಡಸಾಲು ಕಂಬಸಾಲುಗಳಿಂದ ಕೂಡಿದ ಹಾಳೆ. ಪ್ರತಿಯೊಂದು ಮನೆಯಲ್ಲಿ ಅಂಕಿಯನ್ನಾಗಲಿ, ಇತರ ಮನೆಗಳ ಅಂಕಿಗಳನ್ನು ಕೂಡಿ ಕಳೆದು ಗುಣಿಸುವ ಸೂತ್ರವನ್ನಾಗಲಿ ಬರೆಯಬಹುದು. ಒಂದು ಅಂಕಿ ಬದಲಾದೊಡನೆ ಅದನ್ನವಲಂಬಿಸಿದ ಎಲ್ಲ ಮೊತ್ತಗಳೂ ತಾವಾಗಿಯೇ ಬದಲಾಗುವವು. ಇಂಥ ಮೊದಲ ಪ್ರಸಿದ್ಧ ಕೋಷ್ಟಕವಾದ ವಿಸಿಕ್ಯಾಲ್ಕ್ 1979ರಲ್ಲಿ ಹೊರಬಂದಿತು. ಅದರ ಕಲ್ಪನೆಯನ್ನು ಮಾಡಿದ ಡ್ಯಾನ್ ಬ್ರಿಕ್ಲಿನ್ ಆಗ ಅಮೆರಿಕದ ಹಾರ್ವರ್ಡಿನಲ್ಲಿ ವಿದ್ಯಾರ್ಥಿಯಾಗಿದ್ದನೆಂಬುದು ಗಮನಾರ್ಹ.

ಒಂದು ಎಕರೆ ಕಡಲೆಯ ಲೆಕ್ಕ.— ಈ ಕೆಳಗಿನ ಅಂಕಿಗಳು ಕೇವಲ ಉದಾಹರಣೆಗಾಗಿ ಹಿಡಿದವು. ಬೀಜ 25 ಕಿಲೋ, ಕಿಲೋಗೆ 80 ರೂಪಾಯಿಯಂತೆ 2,000, ಉಳುಮೆ ಬಿತ್ತಿಗೆ 3,000, ಗೊಬ್ಬರ 2,000, ಔಷಧ 1,500, ಕಳೆ, ಕೊಯ್ಲು, ರಾಶಿ 5,500, ಒಟ್ಟು ಖರ್ಚು 14,000 ರೂಪಾಯಿ. ಹುಟ್ಟುವಳಿ 4 ಕ್ವಿಂಟಲ್, ದರ 5,500 ಎಂದು ಹಿಡಿದರೆ ಬಂದದ್ದು 22,000. ಉಳಿತಾಯ 8,000 ರೂಪಾಯಿಯೆಂದು ಮನೆಯವರು ಸಂತೋಷಪಡುವರು.

ಈಗ ವಿದ್ಯಾರ್ಥಿಯು ಮತ್ತೊಂದು ಸಾಲನ್ನು ಸೇರಿಸಿ, ಮನೆಯ ಹೆಣ್ಣುಗಂಡುಗಳ ಕೂಲಿ ಮತ್ತು ಸ್ವಂತ ಎತ್ತುಗಳ ಬಾಡಿಗೆ 6,000 ಎಂದು ಬರೆಯಲಿ. ಉಳಿತಾಯವು ಕೂಡಲೇ 2,000ಕ್ಕೆ ಇಳಿಯುವುದು. ಮಳೆ ಕೈಕೊಟ್ಟು ಹುಟ್ಟುವಳಿ 3 ಕ್ವಿಂಟಲಿಗೆ ಇಳಿದರೆ 3,500 ರೂಪಾಯಿ ನಷ್ಟ. ಲಾಭವೂ ನಷ್ಟವೂ ಇಲ್ಲದಿರಲು ಸುಮಾರು 3.64 ಕ್ವಿಂಟಲ್ ಬೆಳೆಯಲೇಬೇಕೆಂಬುದು ಬಿತ್ತುವ ಮೊದಲೇ ತಿಳಿಯುವುದು. ಸಾಲವೆಷ್ಟು ಮಾಡಬಹುದು, ಹೊಲವನ್ನೆಲ್ಲ ಒಂದೇ ಪೈರಿಗೆ ಹಾಕಬಹುದೇ ಎಂಬ ವಿಚಾರಗಳಿಗೆ ಇದೇ ಆಧಾರ.

ಕೃಷಿಹೊಂಡದ ಲೆಕ್ಕ.— ಮೇಲ್ಭಾಗದಲ್ಲಿ 21 ಮೀಟರ್ ಉದ್ದಗಲ, 3 ಮೀಟರ್ ಆಳದ ಹೊಂಡವನ್ನು ಪೆಟ್ಟಿಗೆಯಂತೆ ಎಣಿಸಿದರೆ 13,23,000 ಲೀಟರ್ ನೀರು ಹಿಡಿಯುವುದೆಂದು ಬರುತ್ತದೆ. ಆದರೆ ಬದಿಗಳು ಇಳಿಜಾರಾಗಿದ್ದು ತಳವು 15 ಮೀಟರ್ ಮಾತ್ರವಿದ್ದರೆ ಹಿಡಿಯುವುದು 9,81,000 ಲೀಟರ್. ಎಕರೆಗೆ ಒಂದು ಸಲ 5 ಸೆಂಟಿಮೀಟರ್ ನೀರುಣಿಸಲು ಸುಮಾರು 2,02,000 ಲೀಟರ್ ಬೇಕು. ಆರು ಎಕರೆಗೆ ನೀರಿದೆಯೆಂದು ನಂಬಿದವನಿಗೆ ನಾಲ್ಕು ಎಕರೆಗೆ ಮಾತ್ರ ಸಾಕಾದೀತು. ಆವಿಯಾಗಿ ಹೋಗುವುದು ಬೇರೆ. ಯಂತ್ರವು ತಪ್ಪು ಸೂತ್ರವನ್ನೂ ಅಷ್ಟೇ ಶೀಘ್ರವಾಗಿ ಲೆಕ್ಕಿಸುವುದೆಂಬ ಪಾಠವು ಇದರಲ್ಲಿದೆ.

ಕಲಿಸುವ ಕ್ರಮ.— (1) ಮೊದಲು ಪ್ರಶ್ನೆಯನ್ನು ಗೊತ್ತುಮಾಡಿಕೊಳ್ಳಬೇಕು, ಕೋಷ್ಟಕವು ಆಮೇಲಿನದು. (2) ಅಂಕಿಗಳನ್ನು ಮನೆಯ ಹಿರಿಯರಿಂದ ಕೇಳಿ, ಆಯಾ ದಿನದ ಖರ್ಚನ್ನು ಆಯಾ ದಿನವೇ ವಹಿಯಲ್ಲಿ ಬರೆದಿಡಬೇಕು. (3) ಮನೆಯ ಬೀಜ, ಮನೆಯ ಗೊಬ್ಬರಗಳಿಗೂ ಬೆಲೆ ಕಟ್ಟಬೇಕು. (4) ಎಕರೆ, ಗುಂಟೆ, ಕ್ವಿಂಟಲ್, ಚೀಲಗಳನ್ನು ಬೆರೆಸಬಾರದು. 40 ಗುಂಟೆಗೆ ಒಂದು ಎಕರೆ. (5) ಒಂದು ಸಾಲನ್ನಾದರೂ ಕೈಯಿಂದ ಲೆಕ್ಕಮಾಡಿ ತಾಳೆ ನೋಡಬೇಕು. ಲಿಬ್ರೆ ಆಫೀಸಿನಂತಹ ಕೋಷ್ಟಕಗಳು ಬೆಲೆಯಿಲ್ಲದೆ ದೊರೆಯುವುದರಿಂದ ಹಣದ ತೊಂದರೆಯು ಹೆಚ್ಚಿಲ್ಲ.

ಗ್ರಾಮಪ್ರಮುಖರ ಕರ್ತವ್ಯ.— ಪಾಠದ ಪುಸ್ತಕದಲ್ಲಿನ ಕಲ್ಪಿತ ಅಂಕಿಗಳಿಂದ ಮಕ್ಕಳಿಗೆ ಹೊಲದ ವಿಚಾರ ತಿಳಿಯದು. ಊರಿನ ಹಿರಿಯರೂ ಜಮೀನುದಾರರೂ ತಮ್ಮ ಒಂದೊಂದು ಹೊಲದ ನಿಜವಾದ ಲೆಕ್ಕವನ್ನು ಶಾಲೆಗೆ ಕೊಡಬೇಕು. ಮನೆಯ ಗುಟ್ಟು ಹೊರಬೀಳುವುದೆಂಬ ಅಂಜಿಕೆಯಿದ್ದಲ್ಲಿ ಹೆಸರು, ಸರ್ವೆ ನಂಬರುಗಳನ್ನು ಬಿಟ್ಟು ಅಂಕಿಗಳನ್ನಷ್ಟೇ ಕೊಡಬಹುದು. ನಷ್ಟದ ಲೆಕ್ಕವನ್ನಂತೂ ಮುಚ್ಚಿಡಬಾರದು. ಮಕ್ಕಳು ಹೆಚ್ಚಾಗಿ ಕಲಿಯುವುದು ಅದರಿಂದಲೇ. ಮುಂಬರುವ ಬಿತ್ತಿಗೆಗೆ ಮೊದಲು ಪ್ರತಿಯೊಬ್ಬ ಯಜಮಾನನೂ ತನ್ನ ಮಗನನ್ನೋ ಮಗಳನ್ನೋ ಹತ್ತಿರ ಕೂರಿಸಿಕೊಂಡು ಒಂದು ಎಕರೆಯ ಲೆಕ್ಕವನ್ನಾದರೂ ಬರೆಯಿಸಿ ನೋಡುವುದು ಹಿತಕರ.